ಕಾರಣ: ಇತರೆ

ಕೆಯೋನ್ ಬಂದರಿನ ಹಗ್ಗದ ಉಗ್ರಾಣದಲ್ಲಿ
ಕೌಂಟರಿನ ಹಲಗೆಗೆ ಎರಡು ಹಿತ್ತಾಳೆ ಮೊಳೆ.
ಅವುಗಳ ನಡುವೆ ಒಂದು ಬ್ರಾಸಾ, ಅಂದರೆ ಒಂದು ಮಾರು:
ತೋಳು ಚಾಚಿ ನಿಂತ ಒಬ್ಬ ಮನುಷ್ಯ,
ಮನುಷ್ಯ ಮಾತ್ರ ಅಲ್ಲಿಲ್ಲ.

ಸಗಟಿನವರು ಕಳಿಸುವುದು ಮೀಟರಿನಲ್ಲಿ,
ಸುರುಳಿಗೆ ಇನ್ನೂರ ಇಪ್ಪತ್ತು.
ಕಡಲಚಿಪ್ಪು ಸಾಕುವ ದೋಣಿಯವರು ಕೇಳುವುದು ಮಾರಿನಲ್ಲಿ.
ಎರಡರ ನಡುವೆ ದುಭಾಷಿ ನಾನು.
ಒಂದು ಮಾರಿಗೆ ಇಷ್ಟು ಮೀಟರು:
ಒಂದು ಬಿಂದು ಆರು ಏಳು ಒಂದು ಎಂಟು.

ತಂತ್ರಾಂಶ ಹೊಸದು. ಪರದೆ ಕೇಳಿತು:
ದಶಾಂಶ ಎಷ್ಟು ಸ್ಥಾನ?
ಹೊರಗೆ ದೋಣಿ ಕಾಯುತ್ತಿತ್ತು, ಕಾಫಿ ಆರುತ್ತಿತ್ತು.
ಎರಡು, ಅಂದೆ.
ಕೊನೆಯ ಒಂದು ಎಂಟು ಉದುರಿತು,
ಉಗುರು ಕತ್ತರಿಸಿದಾಗಿನಷ್ಟು ಸದ್ದೂ ಇಲ್ಲದೆ.

ಮಾರಿಗೊಂದು ಸಾಸಿವೆಯ ಅಗಲ, ಅಷ್ಟೇ.
ಯಾರ ಮನೆ ಮುಳುಗುತ್ತದೆ ಸಾಸಿವೆಗೆ?
ಆದರೆ ರುದೆಸಿಂದೊ ಕತ್ತರಿಸುವುದು ಮೊಳೆಯಿಂದ ಮೊಳೆಗೆ,
ನನ್ನ ಪರದೆ ಕಳೆಯುವುದು ಸಾಸಿವೆ ಬಿಟ್ಟು.
ನೂರ ಮೂವತ್ತೊಂದು ಮಾರು ಮುಗಿಯುವ ಹೊತ್ತಿಗೆ
ಸುರುಳಿಯ ಬಾಲಕ್ಕೂ ಲೆಕ್ಕದ ಬಾಲಕ್ಕೂ
ಒಂದು ಗೇಣು ಅಂತರ.
ವರ್ಷಕ್ಕೆ ನಾನೂರು ಸುರುಳಿ.
ಗೇಣು ಗೇಣು ಸೇರಿ ತೊಂಬತ್ತನಾಲ್ಕು ಮೀಟರ್ ಚಿಲ್ಲರೆ ಹಗ್ಗ
ಎಲ್ಲೂ ಇಲ್ಲದ ಕಡೆ ಸುತ್ತಿಕೊಂಡು ಕೂತಿತ್ತು,
ಪರದೆಯಲ್ಲಿ ಮಾತ್ರ
ಗರಿಗರಿಯಾಗಿ, ಮಾರಾಟಕ್ಕೆ ಸಿದ್ಧವಾಗಿ.

ಜೂನ್ ಕೊನೆಗೆ ದಾಸ್ತಾನು ಎಣಿಕೆ.
ದೋನ್ ಬಾಲ್ದೊಮೆರೊ ಕಾಗದ ನೋಡಿದ, ಹಲಗೆ ನೋಡಿದ,
ಆಮೇಲೆ ರುದೆಸಿಂದೊನ ಕೈ ನೋಡಿದ.
ಮೂವತ್ತೊಂದು ವರ್ಷ ಹಗ್ಗ ಎಳೆದ ಕೈ,
ಬಲಗೈ ಹೆಬ್ಬೆರಳು ಈಗ ಮಡಚುವುದಿಲ್ಲ.
‘ಗೆಳೆಯರಿಗೆಲ್ಲ ಯಾಪಾ ಹಾಕುತ್ತೀಯಂತೆ.’
ಯಾಪಾ ಅಂದರೆ ಕೊಸರು,
ಅಳೆದು ಮುಗಿದ ಮೇಲೆ ಪ್ರೀತಿಗೆ ಬೀಳುವುದು.
‘ಹಾಕುತ್ತಿದ್ದೆ,’ ಅಂದ ಅವನು, ‘ನಿಮ್ಮಪ್ಪನ ಕಾಲದಲ್ಲಿ,
ನಿಮ್ಮಪ್ಪನ ಕಣ್ಣೆದುರಿಗೆ.’
ಅರವತ್ತೊಂದು ಸಾವಿರದ ಇನ್ನೂರ ತೊಂಬತ್ತೈದು ಪೆಸೊ
ಸಂಬಳದಿಂದ ಕತ್ತರಿಸಿದರು.
ಅದಕ್ಕೆ ಮೊಳೆ ಬೇಕಾಗಲಿಲ್ಲ.

ನಾನು ಕಳ್ಳನನ್ನು ಹುಡುಕಲು ಹೊರಟೆ ಎನ್ನಲಾರೆ,
ಸುಳ್ಳೇಕೆ, ಇಡೀ ಜುಲೈ ಸುಮ್ಮನಿದ್ದೆ.
ಒಂದು ಸಂಜೆ ಮನೆಯ ಗೇಟಿಗೆ ಕಟ್ಟೋಣವೆಂದು
ಸುರುಳಿಯ ಕೊನೆತುಂಡೊಂದನ್ನು ಕೊಂಡೆ.
ಪರದೆ ಅಂದಿತು: ಒಂದು ಬಿಂದು ಎರಡು ಮೂರು ಮೀಟರ್.
ಟೇಪು ಅಂದಿತು: ಮೀಟರಿಗೆ ಒಂದು ಸೆಂಟಿ ಕಡಿಮೆ.
ಇನ್ನೊಂದು ತುಂಡು ತಂದು ಅಳೆದೆ. ಮತ್ತೊಂದು.
ಗೇಣು. ಗೇಣು.
ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.
ಕಳ್ಳನಿಗೆ ನನ್ನದೇ ಕೈಬರಹ.

ಈಗ ನಾಲ್ಕೂ ಅಂಕಿ ಒಳಗಿವೆ.
ಒಳಗೆ ಯಾವುದನ್ನೂ ದುಂಡು ಮಾಡುವುದಿಲ್ಲ,
ಮಾಡಿದರೆ ಒಂದೇ ಸಲ, ಕಟ್ಟಕಡೆಗೆ, ರಸೀದಿಯ ಮೇಲೆ,
ಅಲ್ಲಿ ಉದುರಿದ್ದಕ್ಕೂ ಒಂದು ಖಾತೆ ಇಟ್ಟಿದ್ದೇನೆ.
ಹಳೆಯ ತೊಂಬತ್ತನಾಲ್ಕನ್ನು ಅಳಿಸಹೋದೆ.
ಪರದೆ ಕಾರಣ ಕೇಳಿತು, ಪಟ್ಟಿಯನ್ನೂ ಅದೇ ಕೊಟ್ಟಿತು:
ಕಳವು. ಹಾನಿ. ಎಣಿಕೆ ತಪ್ಪು. ಇತರೆ.
ಇತರೆ ಒತ್ತಿದರೆ ವಿವರಕ್ಕೆ ನಲವತ್ತು ಅಕ್ಷರ ಜಾಗ.
ಒಂದು ಎಂಟನ್ನು ಬಿಟ್ಟವಳು ಗ್ರಿಸೆಲ್ಡಾ, ಎಂದು ಬರೆದೆ.
ಬರೆದ ಮೇಲೂ ಜಾಗ ಉಳಿಯಿತು.

ದುಡ್ಡು ವಾಪಸ್ಸು ಬಂತು, ನಗದಾಗಿ, ನನ್ನ ಕೈಯಿಂದಲೇ.
ಐದರ ನಾಣ್ಯ ನಮ್ಮಲ್ಲಿ ಈಗ ಚಲಾವಣೆಯಲ್ಲಿಲ್ಲ.
ಕೊನೆಗೆ ಐದು ಬಂದರೆ ಕೆಳಕ್ಕಿಳಿಸಬೇಕು, ಹಾಗಂತ ಕಾನೂನು.
ರುದೆಸಿಂದೊ ಎರಡು ಸಲ ಎಣಿಸಿದ.
‘ಐದು ಕಡಿಮೆ,’ ಅಂದ.
ನಾನು ವಿವರಿಸಲು ಬಾಯಿ ತೆರೆದೆ.
‘ಇರಲಿ ಬಿಡು, ಅದು ನಿನಗೆ ಯಾಪಾ.’
ನಗಲಿಲ್ಲ. ಬೈಯಲೂ ಇಲ್ಲ.
ಹೊರಗೆ ಯಾರೋ ಹನ್ನೆರಡು ಮಾರು ಕೇಳುತ್ತಿದ್ದರು.
ಹಗ್ಗದ ತುದಿಯನ್ನು ಎಡಮೊಳೆಗೆ ಒತ್ತಿ
ಬಲಕ್ಕೆ ನಡೆದ.